ಬಿಳಿ ಬಟ್ಟೆಯ ಮೇಲೆ ಕೆಂಪೆಣ್ಣೆ

ಮೇಲಿನ ಮನೆಯಲ್ಲಿರುವ ನನ್ನ ಮಗನಿಗೆ, ಕೆಳಗಿನ ಮನೆಯ ನಿನ್ನ ತಾಯಿ ಬರೆಯುತ್ತಿರುವ ಕಾಗದ.

ನಗಬೇಡ. ನಿನ್ನ ಮನೆಗೂ ನನ್ನ ಮನೆಗೂ ನಡುವೆ ಇರುವುದು ಹದಿನೇಳು ಮೆಟ್ಟಿಲು. ಕೂಗಿದರೆ ಕೇಳುತ್ತದೆ, ಫೋನ್ ಮಾಡಿದರೆ ಮೊದಲ ರಿಂಗಿಗೇ ಎತ್ತುತ್ತೀಯ. ಆದರೂ ಬರೆಯುತ್ತಿದ್ದೇನೆ. ಎದುರಿಗೆ ಕೂತು ಹೇಳಿದರೆ ನೀನು ಎರಡನೆಯ ಮಾತಿಗೇ "ಆಯ್ತಮ್ಮ, ಆಯ್ತು" ಅನ್ನುತ್ತೀಯ. ಆ "ಆಯ್ತು" ಒಪ್ಪಿಗೆಯಲ್ಲ, ಬಾಗಿಲು ಹಾಕಿಕೊಳ್ಳುವ ಸದ್ದು. ಕಾಗದಕ್ಕೆ ಹಾಗೆ ಬಾಗಿಲು ಹಾಕಲಾಗದು. ಕೊನೆಯವರೆಗೆ ಓದಲೇಬೇಕು. ನಾನು ಓದಿದ್ದು ಹೈಸ್ಕೂಲಿನವರೆಗೆ, ಆದರೆ ನನ್ನ ಅಕ್ಷರ ನಿನ್ನ ಔಷಧಿ ಅಂಗಡಿಗೆ ಬರುವ ಡಾಕ್ಟರುಗಳ ಚೀಟಿಗಿಂತ ಚೆನ್ನಾಗಿದೆ. ಓದಲು ಬರಲಿಲ್ಲ ಎಂಬ ನೆಪ ನಡೆಯುವುದಿಲ್ಲ.

ಹೋದ ಭಾನುವಾರ ನಿಮ್ಮ ಹಾಲ್‌ನಲ್ಲಿ ನಡೆದ ಸಭೆ ನನಗೆ ಗೊತ್ತು. ನಿಮ್ಮ ಕಿಟಕಿ ನನ್ನ ಅಡುಗೆಮನೆಯ ಕಿಟಕಿಯ ನೇರ ಮೇಲಿದೆ ಎಂಬುದು, ಈ ಮನೆ ಕಟ್ಟುವಾಗ ಇಟ್ಟಿಗೆ ಹೊತ್ತ ನಿನಗೇ ಮರೆತುಹೋಯಿತೇ? ನಿನ್ನ ತಂಗಿ ಫೋನಿನ ಸ್ಪೀಕರಿನಲ್ಲಿ ಊರಿಗೆಲ್ಲ ಕೇಳುವಂತೆ "ಅಣ್ಣಾ, ಅಮ್ಮನಿಗೆ ಹೇಳೋರು ಯಾರು?" ಅಂದಳು. ನಿನ್ನ ಹೆಂಡತಿ "ನಾನಂತೂ ಅಲ್ಲಪ್ಪ, ನನ್ನನ್ನ ಇದಕ್ಕೆ ಎಳೀಬೇಡಿ" ಅಂದಳು. ಆ ಮನೆಯಲ್ಲಿ ಬುದ್ಧಿ ಇರುವವಳು ಅವಳೊಬ್ಬಳೇ. ಅರ್ಧ ಗಂಟೆ ಬಿಟ್ಟು ನೀನು ಇಳಿದು ಬಂದೆ. ಕುರ್ಚಿಯಲ್ಲಿ ಕೂರದೆ, ಬಾಗಿಲ ಚೌಕಟ್ಟು ಹಿಡಿದು ನಿಂತು, ಗೋಡೆಗೆ ಹೇಳುವಂತೆ ಹೇಳಿದೆ.

"ಅಮ್ಮ, ನಿನ್ನ ಕಾರಿನ ಗೇರ್‌ಬಾಕ್ಸ್ ಮುಗೀತು. ದೊಡ್ಡ ವರ್ಕ್‌ಶಾಪಿನವರೂ ಅದನ್ನೇ ಅಂದ್ರು. ಸೋರ್ತಿದೆ, ನಡುಗ್ತಿದೆ, ಇನ್ನು ಆಗಲ್ಲ. ಶನಿವಾರ ಹತ್ತು ಗಂಟೆಗೆ ಗುಜರಿಯವನು ಬರ್ತಾನೆ. ನಿನಗೆ ಎಲ್ಲಿಗೆ ಹೋಗ್ಬೇಕಾದ್ರೂ ನಾನಿದೀನಲ್ಲ? ಒಂದು ಫೋನ್ ಮಾಡು, ಸಾಕು."

ನಾನು ಏನೂ ಹೇಳಲಿಲ್ಲ. ನಾನು ಸುಮ್ಮನಿದ್ದರೆ ಒಪ್ಪಿದೆ ಎಂದು ನೀನು ತಿಳಿದದ್ದು ಇದೇ ಮೊದಲು. ನಲವತ್ತೊಂದು ವರ್ಷದಿಂದ ನನ್ನ ಮಗನಾಗಿದ್ದೂ ನಿನಗೆ ಇಷ್ಟು ಗೊತ್ತಾಗಲಿಲ್ಲವಲ್ಲ.

ಒಂದು ಫೋನ್ ಮಾಡುವುದು ಎಂದರೆ ಏನು ಅಂತ ನಿನಗೆ ಹೇಳುತ್ತೇನೆ, ಕೇಳು. ನನ್ನ ಎಡಗಾಲಿನ ಹಿಮ್ಮಡಿಯ ಮೇಲಿನ ಕೀಲು ಕಲ್ಲಾಗಿ ಇಪ್ಪತ್ತೆರಡು ವರ್ಷವಾಯಿತು. ಅದಾದ ಮೊದಲ ಒಂದೂವರೆ ವರ್ಷ ನಾನು ಎಲ್ಲಿಗೆ ಹೋಗುವುದಿದ್ದರೂ ಯಾರನ್ನಾದರೂ ಕೇಳಬೇಕಿತ್ತು. ಬಿಡುವಿದೆಯಾ, ಆ ಕಡೆ ಹೋಗ್ತಿದ್ದೀರಾ, ಒಂದು ನಿಮಿಷ ನಿಲ್ಲಿಸ್ತೀರಾ. ನಾನು ಹಾಗೆ ಕೇಳಿದವಳಲ್ಲ. ಆಸ್ಪತ್ರೆಗೆ ಹೊದಿಕೆ, ದಿಂಬಿನ ಗವಸು, ಆಪರೇಷನ್ ಅಂಗಿ ಹೊಲಿದುಕೊಡುವ ಹೊಲಿಗೆ ಶೆಡ್ಡನ್ನು ಒಂದು ಮೆಷಿನ್ನಿನಿಂದ ಆರಕ್ಕೆ ತಂದವಳು. ನನ್ನ ಕೈಕೆಳಗಿನ ಹೆಂಗಸರು ನನ್ನನ್ನು ಕೇಳುತ್ತಿದ್ದರೇ ಹೊರತು ನಾನು ಯಾರನ್ನೂ ಕೇಳುತ್ತಿರಲಿಲ್ಲ. ಆ ಒಂದೂವರೆ ವರ್ಷದಲ್ಲಿ ನನ್ನ ದನಿಯೇ ಬದಲಾಗಿತ್ತು. ಯಾರೊಂದಿಗೆ ಮಾತಾಡಿದರೂ ಕೊನೆಯಲ್ಲಿ ಒಂದು "ಪರವಾಗಿಲ್ಲ, ಬಿಡಿ" ಸೇರುತ್ತಿತ್ತು. ನನಗೇ ಕೇಳಿ ಅಸಹ್ಯವಾಗುತ್ತಿತ್ತು.

ಆಮೇಲೆ ಈ ಗಾಡಿ ಬಂತು. ಆಗಲೇ ಇಬ್ಬರ ಕೈ ದಾಟಿದ ಹಳೆಯ ಗಾಡಿ, ಆದರೆ ಕ್ಲಚ್ ಇಲ್ಲದ್ದು, ಗೇರು ತಾನೇ ಬದಲಾಗುವಂಥದ್ದು, ಎಡಗಾಲಿಗೆ ಕೆಲಸವೇ ಇಲ್ಲದ್ದು. "ಅಯ್ಯೋ, ಇದು ಸೋಮಾರಿಗಳ ಗಾಡಿ ಕಣ್ರೀ" ಎಂದು ಬೀದಿಯ ಗಂಡಸರು ಹಲ್ಲು ಕಿರಿದರು. ನಾನು ಅವರ ಮುಂದೆಯೇ ಹಿಂದಕ್ಕೆ ತಿರುಗಿಸಿ, ಎರಡು ಕಂಬದ ನಡುವೆ ಒಂದೇ ಏಟಿಗೆ ನಿಲ್ಲಿಸಿದೆ. ಹಲ್ಲು ಒಳಗೆ ಹೋದವು. ಅಂದಿನಿಂದ "ಪರವಾಗಿಲ್ಲ, ಬಿಡಿ" ಎಂಬ ಮಾತು ನನ್ನ ಬಾಯಲ್ಲಿ ಬಂದಿಲ್ಲ. ಅದನ್ನು ನೀನು ಶನಿವಾರ ಹತ್ತು ಗಂಟೆಗೆ ತಿರುಗಿ ತಂದುಕೊಡುತ್ತೀಯಂತೆ.

ಆದ್ದರಿಂದ ಸೋಮವಾರ ಬೆಳಗ್ಗೆ, ನೀನು ಔಷಧಿ ಅಂಗಡಿಗೆ ಹೋದ ಮೇಲೆ, ನಾನು ಗಾಡಿಯನ್ನು ಹೊಲಿಗೆ ಶೆಡ್ಡಿನ ಅಂಗಳಕ್ಕೆ ಒಯ್ದೆ. ಮುಂದಕ್ಕೆ ಓಡಿಸುವ D ಗೆ ಹಾಕಿ ಎರಡು ಎಣಿಸುವವರೆಗೆ ಅದು ಅಲ್ಲಾಡಲಿಲ್ಲ. ಆಮೇಲೆ ಜಗ್ಗಿ ಹೊರಟಿತು. ಮೂರನೆಯ ಗೇರಿಗೆ ಬೀಳುವಾಗ ಚಳಿ ಹಿಡಿದವರ ಹಾಗೆ ನಡುಗಿತು. ನಿಜ, ನೀನು ಸುಳ್ಳು ಹೇಳಿರಲಿಲ್ಲ. ಗಾಡಿಗೆ ಕಾಯಿಲೆ ಇತ್ತು. ಕಾಯಿಲೆ ಇದೆ ಅಂದ ತಕ್ಷಣ ಯಾರೂ ಗುಂಡಿ ತೋಡುವುದಿಲ್ಲ, ಅಷ್ಟೇ ನನ್ನ ತಕರಾರು.

ಚಾಳೀಸು ಮೇಸ್ತ್ರಿ ನಿನಗೆ ನೆನಪಿರಬೇಕು. ಮೂಗಿನ ತುದಿಯಲ್ಲಿ ಕನ್ನಡಕ, ಅದಕ್ಕೊಂದು ದಾರ, ದಾರದ ತುಂಬ ಗ್ರೀಸು. ಗಾಡಿ ರಿಪೇರಿ ಅಂಗಡಿ ಮುಚ್ಚಿ ಐದು ವರ್ಷವಾಗಿದೆ. ಹೇಳಿ ಕಳಿಸಿದೆ. ಬಂದವನು ಬಾನೆಟ್ ಎತ್ತಲಿಲ್ಲ, ಕೆಳಗೆ ಬಗ್ಗಲಿಲ್ಲ. "ಅಮ್ಮಾವ್ರೇ, ಮೊದಲು ಇದಕ್ಕೆ ಸ್ನಾನ ಮಾಡ್ಸಿ. ಮೈ ತುಂಬ ಕೊಳೆ ಇರೋರಿಗೆ ಗಾಯ ಎಲ್ಲಿದೆ ಅಂತ ಹೇಗೆ ಗೊತ್ತಾಗತ್ತೆ?" ಅಂದ. ದೊಡ್ಡ ವರ್ಕ್‌ಶಾಪಿನವರು ಇದನ್ನು ಮಾಡಿದ್ದರೇ ಎಂದು ಕೇಳಿದೆ. "ಅವ್ರಿಗೆ ಪುರುಸೊತ್ತಿಲ್ಲ. ಕೆಂಪಗೆ ಒದ್ದೆ ಕಂಡ್ರೆ ಗೇರಿನ ಡಬ್ಬಾನೇ ಇಳಿಸ್ಬೇಕು ಅಂತಾರೆ" ಅಂದ. ಅಂದರೆ ನೋಡದೆಯೇ ತೀರ್ಪು ಬರೆದಿದ್ದರು, ನೀನು ಅದನ್ನು ನಂಬಿದೆ. ನಿನ್ನ ಅಂಗಡಿಗೆ ಬಂದವರು ಕೆಮ್ಮು ಅಂದರೆ ಒಣ ಕೆಮ್ಮಾ, ಕಫಾನಾ ಎಂದು ನಾಲ್ಕು ಪ್ರಶ್ನೆ ಕೇಳುವವನು ನೀನು. ನನ್ನ ಗಾಡಿಗೆ ಒಂದು ಪ್ರಶ್ನೆ ಕೇಳಲು ಆಗಲಿಲ್ಲ.

ಮುಂದಿನ ಚಕ್ರಗಳನ್ನು ಇಳಿಜಾರಿನ ಕಬ್ಬಿಣದ ಹಲಗೆಗಳ ಮೇಲೆ ಹತ್ತಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಗೇರ್‌ಬಾಕ್ಸಿನ ಹೊಟ್ಟೆಯನ್ನು ಸೀಮೆಎಣ್ಣೆಯಲ್ಲಿ ತಿಕ್ಕಿ ಒರೆಸಿದ್ದಾಯಿತು. ಒಣಗಿದ ಮೇಲೆ ಮೇಸ್ತ್ರಿ ಪೌಡರ್ ಕೇಳಿದ. ಮುಖಕ್ಕೆ ಹಚ್ಚುವ ಪೌಡರನ್ನು ಚಿಮುಕಿಸಿದರೆ ಎಣ್ಣೆ ಹರಿದ ದಾರಿ ಗೆರೆಯಾಗಿ ಕಾಣುತ್ತದಂತೆ. ಹೊಲಿಗೆಯವರ ಅಂಗಳದಲ್ಲಿ ಪೌಡರ್ ಯಾಕೆ? ಗುರುತು ಹಾಕುವ ಬಿಳಿ ಸುಣ್ಣದ ಬಿಲ್ಲೆ ಡಬ್ಬಗಟ್ಟಲೆ ಇದೆ. ನಮ್ಮ ಕತ್ತರಿ ಅದನ್ನು ಕುಟ್ಟಿ ಪುಡಿ ಮಾಡಿ, ಜರಡಿ ಹಿಡಿದು ಕೊಟ್ಟಳು. ಕತ್ತರಿ ಯಾರು ಎಂದು ನಿನಗೆ ಹೇಳಬೇಕಿಲ್ಲ, ಮೂವತ್ತು ವರ್ಷದಿಂದ ನನ್ನ ಬಟ್ಟೆ ಕತ್ತರಿಸುವವಳು, ನನ್ನ ಮಾತನ್ನೂ ಅಷ್ಟೇ ಚೆನ್ನಾಗಿ ಕತ್ತರಿಸುವವಳು. "ಅಕ್ಕಾ, ನಿಮ್ಮ ಮುಖಕ್ಕೆ ಒಂದು ದಿನಾನೂ ಪೌಡರ್ ಹಾಕಿದವರಲ್ಲ, ಗಾಡಿ ಹೊಟ್ಟೆಗೆ ಹಾಕ್ತಿದ್ದೀರಿ" ಅಂದಳು.

ಕೆಳಗೆ ಹಾಸಲು ಮೇಸ್ತ್ರಿ ರಟ್ಟು ಹುಡುಕುತ್ತಿದ್ದ. ನಾನು ಆಸ್ಪತ್ರೆಯ ಹೊದಿಕೆಯಲ್ಲಿ ಉಳಿದ ಬಿಳಿ ತುಂಡುಗಳನ್ನು ತಂದು, ಜೋಡಿಸಿ ಹೊಲಿದು, ಗಾಡಿಯ ಉದ್ದಕ್ಕೂ ಹಾಸಿದೆ. ನಾಲ್ಕು ಚಕ್ರದ ಜಾಗಕ್ಕೆ ಬಿಲ್ಲೆಯಿಂದ ಗುರುತು ಹಾಕಿದೆ. ಅಂಗಿಯ ಅಚ್ಚು ಬರೆದ ಹಾಗೆ. ಒಂದು ಸುತ್ತು ಓಡಿಸಿ ತಂದು ರಾತ್ರಿಯಿಡೀ ಗುರುತಿನ ಮೇಲೆಯೇ ನಿಲ್ಲಿಸಿದರೆ ಯಾವ ಹನಿ ಯಾವುದರ ಕೆಳಗೆ ಬಿತ್ತು ಎಂದು ತಿಳಿಯುತ್ತದಲ್ಲ. ಮೇಸ್ತ್ರಿ ಕನ್ನಡಕ ಏರಿಸಿಕೊಂಡು "ನಲವತ್ತು ವರ್ಷ ಈ ಕೆಲಸ ಮಾಡ್ದೆ, ಇದು ತೋಚಿರ್ಲಿಲ್ಲ" ಅಂದ. ಈ ಮಾತನ್ನು ಜಂಬಕ್ಕೆ ಬರೆಯುತ್ತಿದ್ದೇನೆ. ಜಂಬ ಪಡುವ ಹಕ್ಕು ನನಗಿದೆ.

ಮಂಗಳವಾರ ಬೆಳಗ್ಗೆ ಬಟ್ಟೆಯ ಮೇಲೆ ಎರಡು ಕಲೆ ಇದ್ದವು. ಮುಂದೆ, ರೇಡಿಯೇಟರಿನ ಕೆಳಗೆ, ಕುಂಕುಮದ ಬೊಟ್ಟಿನಷ್ಟು ಒಂದು. ಹಿಂದೆ, ಗೇರ್‌ಬಾಕ್ಸಿನ ಬಾಲದ ಕೆಳಗೆ, ಅಂಗೈಯಷ್ಟು ಇನ್ನೊಂದು. ದೊಡ್ಡ ಕಲೆಗೆ ಬೆರಳಿಟ್ಟು ತೋರಿಸಿದೆ. ಮೇಸ್ತ್ರಿ ಕೈಯಾಡಿಸಿದ. "ಹನಿ ಬಿದ್ದ ಜಾಗ ನೋಡಿ ಹೆದರ್ಬೇಡಿ. ಎಣ್ಣೆ ಕೆಳಗೆ ಹರಿಯತ್ತೆ, ಗಾಳಿಗೆ ಹಿಂದಕ್ಕೆ ಓಡತ್ತೆ. ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಒದ್ದೆ ಎಲ್ಲಿದೆ ಅಂತ ಹುಡುಕ್ಬೇಕು."

ಹುಡುಕಿದ್ದು ನಾನೇ. ಹಳೆಯ ರಜಾಯಿ ಹಾಸಿಕೊಂಡು, ಗಾಡಿಯ ಕೆಳಗೆ ಅಂಗಾತ ಮಲಗಿ, ಬ್ಯಾಟರಿ ಹಿಡಿದು, ಕಡ್ಡಿಗೆ ಕಟ್ಟಿದ ಕನ್ನಡಿಯಲ್ಲಿ ನೋಡಿದೆ. ಅರವತ್ತೇಳರ ಹೆಂಗಸು ಹಾಗೆ ಮಲಗಬಾರದು ಎಂದು ನೀನು ಹೇಳುತ್ತೀಯ ಅಂತಲೇ ನಿನಗೆ ಹೇಳದೆ ಮಲಗಿದೆ. ಮುಂದಿನ ಸಣ್ಣ ಕಲೆ ಸುಲಭಕ್ಕೆ ಸಿಕ್ಕಿತು. ಎಣ್ಣೆ ತಣಿಯಲು ರೇಡಿಯೇಟರಿಗೆ ಹೋಗಿಬರುವ ರಬ್ಬರ್ ಹೋಸು, ಅದರ ಕ್ಲಿಪ್ಪು ಸಡಿಲ, ರಬ್ಬರು ಬಿರುಕು. ಹಿಂದಿನದಕ್ಕೆ ಪುಡಿಯ ಮೇಲಿನ ಕೆಂಪು ಗೆರೆ ಹಿಡಿದು ಹೋದೆ. ಎಣ್ಣೆ ನಿಲ್ಲುವ ತಳದ ತಟ್ಟೆ, ಚೇಂಬರು ಅನ್ನುತ್ತಾರೆ, ಅದರ ಅಂಚಿನ ಗ್ಯಾಸ್ಕೆಟ್ಟಿನಲ್ಲಿ ಒದ್ದೆ ಇಲ್ಲ, ಒಣಗಿತ್ತು. ಗೇರು ಕಡ್ಡಿಯ ಸೀಲು ಒಣಗಿತ್ತು. ಬಾಲದ ಸೀಲೂ ಒಣಗಿತ್ತು. ಗೆರೆ ಡಬ್ಬದ ಬೆನ್ನಿನ ಮೇಲಿಂದ ಇಳಿದು ಬಂದಿತ್ತು. ಬೆನ್ನಿನ ಮೇಲೆ ಇರುವುದು ಒಂದೇ, ಡಬ್ಬ ಉಸಿರಾಡುವ ಸಣ್ಣ ಕೊಳವೆ. ಅದರ ಬಾಯಲ್ಲಿ ಸೋಪಿನ ನೊರೆಯಂಥ ಕೆಂಪು ಗುಳ್ಳೆ.

ಹೇಳಿದೆ. ಮೇಸ್ತ್ರಿ ತಾನೂ ಬಗ್ಗಿ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. "ಸೋರ್ತಿಲ್ಲ ಅಮ್ಮಾವ್ರೇ, ವಾಂತಿ ಮಾಡ್ತಿದೆ! ಹೊಟ್ಟೆಗೆ ಜಾಸ್ತಿ ಆಗಿದೆ. ಯಾರು ತುಂಬಿಸಿದ್ರು?"

ಈಗ ನನ್ನ ತಪ್ಪು ಬರೆಯಬೇಕು. ಬರೆಯುತ್ತೇನೆ, ಹೆದರುವುದಿಲ್ಲ.

ಎರಡು ತಿಂಗಳ ಹಿಂದೆ ಮೊದಲ ಸಣ್ಣ ಹನಿ ಕಂಡವಳು ನಾನು. ನಿನಗೆ ತಿಳಿದರೆ "ಇನ್ನು ಓಡಿಸ್ಬೇಡ" ಅನ್ನುತ್ತೀಯ ಎಂದು ಯಾರಿಗೂ ಹೇಳದೆ ಒಂದು ಡಬ್ಬ ಎಣ್ಣೆ ತಂದು ಸುರಿದೆ. ಯಾವ ಎಣ್ಣೆ ಎಂದು ಗಾಡಿಯ ಪುಸ್ತಕ ತೆಗೆದು ನೋಡಲಿಲ್ಲ. ಅಂಗಡಿಯವನು "ಎಲ್ಲಾ ಆಟೋಮ್ಯಾಟಿಕ್ ಗಾಡಿಗೂ ಆಗತ್ತೆ ಆಂಟಿ, ಕಣ್ಮುಚ್ಕೊಂಡು ಹಾಕಿ" ಅಂದ. ಕಣ್ಣು ಮುಚ್ಚಿಕೊಂಡೇ ಹಾಕಿದೆ. ಅಳತೆ ತೆಗೆಯದೆ ಒಂದು ತೋಳು ಕತ್ತರಿಸದವಳು ನಾನು. ಫ್ರೀ ಸೈಜ್ ಅಂಗಿ ಯಾರ ಮೈಗೂ ಕೂರುವುದಿಲ್ಲ ಎಂದು ಆರು ಜನ ಹೆಂಗಸರಿಗೆ ಪಾಠ ಹೇಳಿದವಳು. ನನ್ನ ಗಾಡಿಗೆ ಫ್ರೀ ಸೈಜ್ ಎಣ್ಣೆ ತೊಡಿಸಿದೆ. ಮೇಸ್ತ್ರಿ ಪುಸ್ತಕದಲ್ಲಿ ಪುಟ ಹುಡುಕಿ ಬೆರಳಿಟ್ಟ. ಈ ಡಬ್ಬಕ್ಕೆ ಬೇಕಾದ್ದು ಬೇರೆ ಜಾತಿಯ ಎಣ್ಣೆ. ಒಳಗೆ ಒಂದಕ್ಕೊಂದು ಒತ್ತಿ ಹಿಡಿಯುವ ಬಿಲ್ಲೆಗಳಿವೆಯಂತೆ. ಒಂದು ಎಣ್ಣೆಯಲ್ಲಿ ಅವು ಮೆತ್ತಗೆ ಹಿಡಿಯುತ್ತವೆ, ಇನ್ನೊಂದರಲ್ಲಿ ಜಾರಿ ಜಾರಿ ಹಿಡಿಯುತ್ತವೆ. ನಡುಕ ಬಂದದ್ದು ಅದಕ್ಕೆ. ಆ ನಡುಕ ನನ್ನದು.

ಆದರೆ ನಾನು ಹಾಕಿದ್ದು ಒಂದೇ ಡಬ್ಬ. ಬುಧವಾರ ಬೆಳಗ್ಗೆ ಚೇಂಬರ್ ಬಿಚ್ಚಿ ಬಸಿದಾಗ ಬರಬೇಕಾದ್ದಕ್ಕಿಂತ ಎರಡು ಲೀಟರಿಗೂ ಹೆಚ್ಚು ಬಂತು. ಮೇಸ್ತ್ರಿ ಕನ್ನಡಕದ ಮೇಲಿಂದ ನನ್ನನ್ನು ನೋಡಿದ. ನಾನು ಸುಳ್ಳು ಹೇಳುತ್ತಿದ್ದೇನೆ ಎಂಬಂತೆ ನೋಡಿದ. ನನ್ನನ್ನು ಹಾಗೆ ಯಾರೂ ನೋಡಿರಲಿಲ್ಲ.

ಮಧ್ಯಾಹ್ನ ಮನೆಗೆ ಬಂದೆ. ಪೊರಕೆ ತೆಗೆಯಲು ಮೆಟ್ಟಿಲ ಕೆಳಗಿನ ಗೂಡಿನ ಬಾಗಿಲು ತೆಗೆದೆ. ನೀರಿನ ಪಂಪಿನ ಹಿಂದೆ ಖಾಲಿ ಡಬ್ಬಗಳು ಇದ್ದವು. ನಾಲ್ಕು. ನಾನು ತಂದ ಎಣ್ಣೆಯಲ್ಲ, ಮೂರನೆಯ ಜಾತಿ. ನಾಲ್ಕಕ್ಕೂ ಮುಚ್ಚಳ ತಿರುಗಿಸಿ, ಹೆಸರಿನ ಚೀಟಿ ಮುಂದೆ ಬರುವಂತೆ ಸಾಲಾಗಿ ನಿಲ್ಲಿಸಿತ್ತು. ಖಾಲಿ ಡಬ್ಬವನ್ನೂ ಔಷಧಿ ಬಾಟಲಿಯ ಹಾಗೆ ಜೋಡಿಸಿಡುವವನು ಈ ಮನೆಯಲ್ಲಿ ಒಬ್ಬನೇ.

ಪೊರಕೆ ಕೈಯಲ್ಲೇ ಇತ್ತು. ಕೆಳಗಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಕತ್ತರಿಯನ್ನು ಕೇಳಿದೆ. ಕಂಡಿದ್ದಳು. "ಭಾನುವಾರ ಬೆಳಬೆಳಗ್ಗೆ ನಿಮ್ಮ ಮಗ ಗಾಡಿ ಸ್ಟಾರ್ಟ್ ಮಾಡಿ, ಎಣ್ಣೆ ಅಳೆಯೋ ಕಡ್ಡಿ ತೆಗೆದು ನೋಡಿ, ಏನೋ ಸುರೀತಿದ್ರು ಅಕ್ಕಾ. ನನಗೆ ಕೈ ಮುಗಿದು, ಅಮ್ಮನಿಗೆ ಹೇಳ್ಬೇಡಿ ಅಂದ್ರು. ಒಳ್ಳೇ ಮಗ ಅಂದ್ಕೊಂಡು ಸುಮ್ಮನಾದೆ." ಹಾಲು ತರಲು ಹೋಗುವಾಗ ವಾರ ವಾರವೂ ಕಾಣುತ್ತಿದ್ದಳಂತೆ. ಮೂವತ್ತು ವರ್ಷ ನನ್ನ ಜೊತೆ ಇದ್ದವಳನ್ನೂ ನೀನು ನಿನ್ನ ಕಡೆಗೆ ಹಾಕಿಕೊಂಡೆ.

ಮಗನೇ, ಆ ಎಣ್ಣೆಯನ್ನು ಹಾಗೆ ಅಳೆಯುವುದಿಲ್ಲ. ಕಡ್ಡಿಯ ಮೇಲೆ ಎರಡು ಗೆರೆ ಇವೆ, ತಣ್ಣಗಿದ್ದಾಗ ಒಂದು, ಬಿಸಿಯಾದಾಗ ಒಂದು. ಎಣ್ಣೆ ಕಾದಂತೆ ಉಬ್ಬುತ್ತದೆ. ನೀನು ತಣ್ಣನೆಯ ಎಣ್ಣೆಯನ್ನು ಬಿಸಿಯ ಗೆರೆಗೆ ಹೋಲಿಸಿ, ಕಡಿಮೆ ಎಂದುಕೊಂಡು ತುಂಬಿಸಿದೆ. ನಾನು ಓಡಿಸಿದಾಗ ಅದು ಕಾದು, ಉಬ್ಬಿ, ಒಳಗೆ ತಿರುಗುವ ಹಲ್ಲುಗಳಿಗೆ ಸಿಕ್ಕಿ ನೊರೆಯಾಗಿ, ಉಸಿರು ಕೊಳವೆಯಿಂದ ಹೊರಗೆ ಬಿತ್ತು. ಅದನ್ನು ನೋಡಿ ನೀನು ಸೋರಿಕೆ ಹೆಚ್ಚಾಯಿತು ಎಂದು ಮುಂದಿನ ಭಾನುವಾರ ಮತ್ತೆ ತುಂಬಿಸಿದೆ. ನೊರೆಯ ಎಣ್ಣೆಗೆ ಹಿಡಿತವಿಲ್ಲ, D ಗೆ ಹಾಕಿದರೆ ತಡವಾಯಿತು. ಕಾಲು ಚಮಚ ಹೆಚ್ಚಾಗಬಾರದು ಎಂದು ಮಕ್ಕಳ ತಾಯಂದಿರಿಗೆ ಗದರುವ ನೀನು, ಈ ಬಡಪಾಯಿಗೆ ವಾರ ವಾರ ಲೀಟರುಗಟ್ಟಲೆ ಕುಡಿಸಿ, ಕೊನೆಗೆ ಇದು ಬದುಕುವುದಿಲ್ಲ ಅಂದೆ.

ಬೇರೆ ಯಾವ ಮನೆಯಲ್ಲಿ ಹೀಗೆ ನಡೆದೀತು ಹೇಳು. ತಾಯಿ ಮಗನಿಗೆ ಗೊತ್ತಾಗದ ಹಾಗೆ, ಮಗ ತಾಯಿಗೆ ಗೊತ್ತಾಗದ ಹಾಗೆ, ಇಬ್ಬರೂ ಸೇರಿ ಒಂದೇ ಹೊಟ್ಟೆಗೆ ಉಣಿಸಿದ್ದೇವೆ. ಯಾರಾದರೊಬ್ಬರು "ಗಾಡಿ ಹನಿಯುತ್ತಿದೆ" ಎಂದು ಎರಡು ತಿಂಗಳಲ್ಲಿ ಒಂದು ಸಲ ಬಾಯಿ ಬಿಟ್ಟಿದ್ದರೆ ಒಂದು ಕ್ಲಿಪ್ಪಿನಲ್ಲಿ ಮುಗಿಯುತ್ತಿತ್ತು. ನನ್ನ ಮುಂದೆ ಬಾಯಿ ಬಿಡಲು ನಿನಗೆ ಹೆದರಿಕೆ. ಆ ಹೆದರಿಕೆ ಕಲಿಸಿದ್ದು ನಾನು. ಹೌದು, ಕಲಿಸಿದೆ. ಅಪ್ಪನಿಲ್ಲದ ಎರಡು ಮಕ್ಕಳನ್ನು ಮೆತ್ತಗೆ ಮಾತಾಡಿ ಬೆಳೆಸಲು ನನಗೆ ಪುರುಸೊತ್ತಿರಲಿಲ್ಲ. ಅದಕ್ಕೆ ಕ್ಷಮೆ ಕೇಳುವುದಿಲ್ಲ.

ಕ್ಷಮೆ ಕೇಳಬೇಕಾದ್ದು ಬೇರೆ ಇದೆ. ಡಬ್ಬಗಳ ಮುಂದೆ ಕೂತಾಗ ಅದು ನಾಲಿಗೆಯ ತುದಿಗೆ ಬಂತು. ಎರಡು ದಿನ ನುಂಗಲು ನೋಡಿದೆ, ಇಳಿಯಲಿಲ್ಲ.

ಆಗ ನಿನಗೆ ಹತ್ತೊಂಬತ್ತು. ಸ್ಕೂಟರ್ ಕಲಿತು ನಾಲ್ಕು ತಿಂಗಳು. ನನ್ನನ್ನು ಹಿಂದೆ ಕೂರಿಸಿಕೊಂಡು ಹೊರಟಿದ್ದೆ. ತಿರುವಿನಲ್ಲಿ ಜಲ್ಲಿಯ ಮೇಲೆ ಸ್ಕೂಟರ್ ಜಾರಿ, ನನ್ನ ಕಾಲು ಅದರ ಕೆಳಗೆ ಹೋಯಿತು. ಅಂದಿನಿಂದ ನೀನು ಎರಡು ಚಕ್ರದ ಗಾಡಿ ಮುಟ್ಟಿಲ್ಲ. ನಾನು ಮೆಟ್ಟಿಲು ಹತ್ತುವಾಗ ನೀನು ತಿರುಗಿ ನೋಡುವುದಿಲ್ಲ. ನಿನ್ನ ಮದುವೆಯ ದಿನವೂ ಎಲ್ಲರಿಗಿಂತ ಮೊದಲು ನನಗೆ ಕುರ್ಚಿ ತಂದು ಹಾಕಿದೆ. ಬೇರೆ ಬಡಾವಣೆಯಲ್ಲಿ ಒಳ್ಳೆಯ ಮನೆ ಸಿಕ್ಕಿದರೂ ಹೋಗದೆ ನನ್ನ ತಲೆಯ ಮೇಲೆ ಮಹಡಿ ಕಟ್ಟಿಕೊಂಡೆ. "ನಾನಿದೀನಲ್ಲ" ಎಂಬ ನಿನ್ನ ಮಾತು ಎಲ್ಲಿಂದ ಹುಟ್ಟುತ್ತದೆ ಎಂದು ನನಗೆ ಗೊತ್ತು. ಗೊತ್ತಿದ್ದೂ ಇಪ್ಪತ್ತೆರಡು ವರ್ಷ ಬಾಯಿ ಮುಚ್ಚಿಕೊಂಡಿದ್ದೇನೆ.

ನೀನು ಆ ತಿರುವು ತೆಗೆದುಕೊಳ್ಳುವವನಿರಲಿಲ್ಲ. ನೇರ ಹೋಗುತ್ತಿದ್ದೆ. ನಾನು ಹಿಂದಿನಿಂದ ನಿನ್ನ ಭುಜಕ್ಕೆ ಬಡಿದು "ಎಡಕ್ಕೆ, ಎಡಕ್ಕೆ, ಬೇಗ" ಅಂದೆ. ಅಂಗಡಿ ಮುಚ್ಚುವ ಮುಂಚೆ ದಾರ ತರಬೇಕಿತ್ತು. ನೀನು ತಾಯಿಯ ಮಾತು ಕೇಳಿ ತಿರುಗಿಸಿದೆ. ಕಣ್ಣು ಬಿಟ್ಟಾಗ ಆಸ್ಪತ್ರೆಯಲ್ಲಿ ನೀನು "ನನ್ನಿಂದಾಯ್ತು, ನನ್ನಿಂದಾಯ್ತು" ಎಂದು ಅಳುತ್ತಿದ್ದೆ. ಭುಜಕ್ಕೆ ಬಡಿದದ್ದು ನಿನಗೆ ನೆನಪೇ ಇರಲಿಲ್ಲ. ನನಗೆ ನೆನಪಿತ್ತು. ಹೇಳಬೇಕಿತ್ತು. ನೋವಿತ್ತು, ಸಿಟ್ಟಿತ್ತು, ನಾಳೆ ಹೇಳೋಣ ಅಂದುಕೊಂಡೆ. ಆಮೇಲೆ ನೀನು ಬಹಳ ಒಳ್ಳೆಯವನಾದೆ, ನನ್ನ ಮಾತು ಮೀರದವನಾದೆ. ಹೇಳಿದರೆ ಅದು ಹೋಗಿಬಿಡುತ್ತದೇನೋ ಎಂದು ಹೇಳಲಿಲ್ಲ. ಇದಕ್ಕಿಂತ ಕೆಟ್ಟ ಕೆಲಸ ನಾನು ಮಾಡಿಲ್ಲ.

ಹಾಗಾಗಿ ನೀನು ನನ್ನ ಕಾಲಾಗಬೇಕಿಲ್ಲ. ಆಗಲೂ ಆಗಬೇಕಿರಲಿಲ್ಲ. ಆ ಕಾಲನ್ನು ನಾನೇ ಮುರಿದುಕೊಂಡೆ, ಅದಕ್ಕೆ ತಕ್ಕ ಗಾಡಿಯನ್ನೂ ನಾನೇ ಹುಡುಕಿಕೊಂಡೆ. ನನ್ನನ್ನು ಕರೆದುಕೊಂಡು ತಿರುಗುವುದು ನಿನ್ನ ತಲೆಯ ಮೇಲಿನ ಶಿಕ್ಷೆ ಎಂದು ನೀನು ತಿಳಿದಿದ್ದರೆ, ಇವತ್ತಿಗೆ ಅದು ಮುಗಿಯಿತು. ನಿನ್ನ ಭಾನುವಾರ ಬೆಳಗ್ಗೆಗಳನ್ನು ಹೆಂಡತಿಯ ಜೊತೆ ಕಾಫಿ ಕುಡಿಯಲು ಇಟ್ಟುಕೋ. ಪಾಪ, ಅವಳೂ ಕಾದಿದ್ದಾಳೆ.

ಗಾಡಿಯ ವಿಷಯ ಪೂರ್ತಿ ಮಾಡುತ್ತೇನೆ. ಬಸಿದ ಎಣ್ಣೆಯನ್ನು ಮೇಸ್ತ್ರಿ ಬಿಳಿ ಬಟ್ಟೆಯ ಮೇಲೆ ಸವರಿ ಮೂಸಿ ನೋಡಿದ. ಸುಟ್ಟ ವಾಸನೆ ಇಲ್ಲ. ಚೇಂಬರಿನೊಳಗಿನ ಅಯಸ್ಕಾಂತದ ಮೇಲೆ ಕಾಡಿಗೆಯಷ್ಟು ನುಣ್ಣನೆಯ ಬೂದು ಲೇಪ, ಲೋಹದ ಚೂರು ಇಲ್ಲ. "ಒಳಗೆ ಗಟ್ಟಿ ಇದೆ, ನಿಮ್ಮ ಹಾಗೆ" ಅಂದ. ಒಂದು ಸಲ ಬಸಿದರೆ ಅರ್ಧವೂ ಬರುವುದಿಲ್ಲ, ಉಳಿದದ್ದು ಇಂಜಿನ್ನಿಗೆ ಅಂಟಿಕೊಂಡು ತಿರುಗುವ ಗಡಿಗೆಯಲ್ಲಿ ನಿಂತುಬಿಡುತ್ತದೆ. ಮೆಷಿನ್ ಹಚ್ಚಿ ರಭಸದಿಂದ ತೊಳೆಸಿದರೆ ಹಳೆಯ ಡಬ್ಬಕ್ಕೆ ಒಳ್ಳೆಯದಲ್ಲ ಎಂದು ಮೇಸ್ತ್ರಿ ಒಪ್ಪಲಿಲ್ಲ. ಬಣ್ಣ ಬಿಡುವ ಬಟ್ಟೆಯನ್ನು ಮೂರು ನೀರಿನಲ್ಲಿ ಜಾಲಿಸುವ ಹಾಗೆ ಮೂರು ಸಲ ಮಾಡಿದೆವು. ಬುಧವಾರ, ಗುರುವಾರ, ಇವತ್ತು ಬೆಳಗ್ಗೆ. ಪುಸ್ತಕದಲ್ಲಿ ಬರೆದ ಎಣ್ಣೆಯೇ, ಅದೇ ಹೆಸರು, ಅದೇ ಅಂಕಿ. ಸೋರಿಕೆ ನಿಲ್ಲಿಸುವ ಔಷಧ ಅಂತ ಅಂಗಡಿಯವನು ಒಂದು ಬಾಟಲಿ ಮುಂದಿಟ್ಟ. "ನಮ್ಮ ಮನೆಯಲ್ಲಿ ಔಷಧಿ ಅಂಗಡಿಯವನೇ ಇದ್ದಾನೆ, ಬೇಡ" ಅಂದೆ. ಹೊಸ ಹೋಸು, ಎರಡು ಹೊಸ ಕ್ಲಿಪ್ಪು. ಚೇಂಬರಿನ ಬೋಲ್ಟುಗಳನ್ನು ನಾನೇ ಕೂರಿಸಿದೆ, ತೋಳಿಗೆ ಪಿನ್ನು ಹಾಕುವ ಹಾಗೆ, ಒಂದಾದ ಮೇಲೆ ಅದರ ಎದುರಿನದು. ಸಾಲಾಗಿ ಬಿಗಿದರೆ ಗ್ಯಾಸ್ಕೆಟ್ಟು ಸುಕ್ಕಾಗುತ್ತದೆ. ಅದನ್ನು ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಎಲ್ಲವೂ ಹೊಸದಾಯಿತು ಎಂದು ಹೇಳುವುದಿಲ್ಲ. ಮುಂದಿನ ದೊಡ್ಡ ಸೀಲು ಸ್ವಲ್ಪ ತೇವವಾಗಿದೆ. "ಅದು ಬೆವರು, ಸೋರಿಕೆ ಅಲ್ಲ" ಎಂದು ಮೇಸ್ತ್ರಿ ಹೇಳಿದ. ಒಂದಲ್ಲ ಒಂದು ದಿನ ಅದಕ್ಕಾಗಿ ಡಬ್ಬ ಇಳಿಸಬೇಕಾಗುತ್ತದೆ, ಆ ದಿನ ನೋಡೋಣ. ನನ್ನ ಕಣ್ಣೂ ಒಂದಲ್ಲ ಒಂದು ದಿನ ಮಂಜಾಗುತ್ತದೆ. ನಿನ್ನೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಪರೀಕ್ಷೆ ಮಾಡಿಸಿ, ಚೀಟಿ ಬರೆಸಿಕೊಂಡು ಬಂದಿದ್ದೇನೆ. ಈ ಕಾಗದದ ಜೊತೆಗೇ ಇದೆ, ಕೊನೆಯ ಸಾಲಿನ ಅಕ್ಷರವನ್ನೂ ಓದಿದ್ದೇನೆ. ಓಡಿಸಲಾಗದ ದಿನ ಬಂದರೆ ನಾನೇ ಬಾಯಿ ಬಿಟ್ಟು ಹೇಳುತ್ತೇನೆ. ಅದನ್ನು ನಿಮ್ಮ ಹಾಲ್‌ನಲ್ಲಿ ಸಭೆ ಸೇರಿ ತೀರ್ಮಾನ ಮಾಡುವಂತಿಲ್ಲ.

ಇವತ್ತು ಹನ್ನೊಂದು ಗಂಟೆಗೆ ಗಾಡಿಯ ಹಿಂದಿನ ಸೀಟು ತುಂಬ ಹೊದಿಕೆಯ ಗಂಟು ಹೇರಿ, ಕತ್ತರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆಸ್ಪತ್ರೆಯ ಏರು ರಸ್ತೆ ಹತ್ತಿಸಿದೆ. ಒಂದನೆಯದರಿಂದ ಎರಡು, ಎರಡರಿಂದ ಮೂರು, ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ. ಕತ್ತರಿ ಕಣ್ಣು ಮುಚ್ಚಿ ದೇವರನ್ನು ನೆನೆಯುತ್ತಿದ್ದಳು, ಅರ್ಧ ದಾರಿಯಲ್ಲಿ ಬೇಸರವಾಗಿ ಬಿಟ್ಟಳು. ತಿರುಗಿ ಬಂದು, ಸಮತಟ್ಟಿನಲ್ಲಿ ನಿಲ್ಲಿಸಿ, ಇಂಜಿನ್ ಓಡುತ್ತಿರುವಾಗಲೇ ಗೇರು ಕಡ್ಡಿಯನ್ನು ಎಲ್ಲ ಮನೆಗೂ ಒಮ್ಮೆ ಎಳೆದು, ಗಾಡಿ ನಿಲ್ಲಿಸುವ P ಗೆ ತಂದು, ಅಳತೆ ಕಡ್ಡಿ ಒರೆಸಿ ಅದ್ದಿ ನೋಡಿದೆ. ಬಿಸಿಯ ಗೆರೆಗೆ ಸರಿಯಾಗಿ. ಈಗ ಮಧ್ಯಾಹ್ನ ಮೂರೂವರೆ. ಶೆಡ್ಡಿನಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕಾಗದವಿಟ್ಟು ಬರೆಯುತ್ತಿದ್ದೇನೆ, ಕಿಟಕಿಯಿಂದ ಗಾಡಿ ಕಾಣುತ್ತಿದೆ. ಕೆಳಗೆ ಹಾಸಿದ ಹೊಸ ಬಟ್ಟೆ ಬೆಳ್ಳಗೇ ಇದೆ.

ನಾಳೆ ಹತ್ತು ಗಂಟೆಗೆ ನಾನು ಮನೆಯಲ್ಲಿರುವುದಿಲ್ಲ. ಗಾಡಿಯೂ ಇರುವುದಿಲ್ಲ. ಆಸ್ಪತ್ರೆಗೆ ಇನ್ನೂ ಎರಡು ಗಂಟು ಹೋಗಬೇಕು. ಹೆದರಿ ಬಚ್ಚಿಟ್ಟಳು ಎಂದುಕೊಳ್ಳಬೇಡ. ಆ ಮನುಷ್ಯ ನನ್ನ ಎದುರಿಗೆ ಬಂದರೆ ಗೇಟಿನಿಂದಲೇ ವಾಪಸ್ ಕಳಿಸಲು ನನಗೆ ಅರ್ಧ ನಿಮಿಷ ಸಾಕು. ಆದರೆ ಕರೆದವನು ನೀನು, ಕಳಿಸಬೇಕಾದವನೂ ನೀನು. ಒಂದು ಮಾತು ಮಾತ್ರ. "ಅಮ್ಮ ಒಪ್ಪಲಿಲ್ಲ" ಎಂದು ಅವನಿಗೆ ಹೇಳಬೇಡ. "ಗಾಡಿ ಚೆನ್ನಾಗಿದೆ, ನಾನು ತಪ್ಪು ತಿಳಿದಿದ್ದೆ" ಅನ್ನು. ಎರಡೂ ನಿಜವೇ. ಮೊದಲನೆಯದನ್ನು ಹೇಳಿದರೆ ನೀನು ಎಂದಿನ ಹಾಗೆ ನನಗೆ ಹೆದರಿದ ಮಗನಾಗಿ ಉಳಿಯುತ್ತೀಯ. ಆ ಮಗ ನನಗೆ ಇನ್ನು ಬೇಡ. ಎರಡನೆಯದನ್ನು ಹೇಳಿ ಬಾಗಿಲು ಹಾಕಿಕೊಂಡು ಒಳಗೆ ಹೋಗು. ಸಿಟ್ಟು ಬಂದಿದ್ದರೆ, ಇಪ್ಪತ್ತೆರಡು ವರ್ಷದ ಸಿಟ್ಟು ಬಂದೇ ಬರಬೇಕು, ಸಂಜೆ ಇಳಿದು ಬಂದು ನನ್ನ ಮುಖದ ಮೇಲೆ ಬೈದುಬಿಡು. ಕುರ್ಚಿಯಲ್ಲಿ ಕೂತು ಬೈ, ಚೌಕಟ್ಟು ಹಿಡಿದುಕೊಂಡಲ್ಲ. ನಾನು ಒಂದೂ ಮಾತಾಡದೆ ಕೇಳುತ್ತೇನೆ. ನನ್ನಿಂದ ಅಂಥ ಮಾತು ಯಾರಿಗೂ ಸಿಕ್ಕಿಲ್ಲ, ನಿನಗೆ ಕೊಟ್ಟಿದ್ದೇನೆ.

ನಿನ್ನ ಭುಜದ ಮೇಲೆ ಇನ್ನು ಯಾರ ಕೈಯ ಭಾರವೂ ಇಲ್ಲದಿರಲಿ, ನೀನು ಹೋಗುವ ದಾರಿಯನ್ನು ನೀನೇ ನೋಡಿ ತಿರುಗುವ ಧೈರ್ಯ ನಿನಗಿರಲಿ ಎಂದು ಹರಸುವ,

ನಿನ್ನ ತಾಯಿ,
ಮತ್ತು ಈ ಗಾಡಿಯನ್ನು ನಾಳೆಯೂ ಓಡಿಸುವವಳು.